ಸೊಸೈಟಿ ಮಂದಿಗೆ ಸೋಲಾರ್, ಕಚರಾ ಗ್ಯಾಸ್ ತಿಳಿಸಿ ಹೇಳೂದು ಹೆಂಗ? ಲೈಟ್ ಬಿಲ್ಲಿನಿಂದ ಶುರು ಮಾಡ್ರಿ

ಪುಣೆದಾಗ ನಮ್ಮ ಕನ್ನಡ ಮಂದಿ ಇರೋ ಎಷ್ಟೋ ಹೌಸಿಂಗ್ ಸೊಸೈಟಿಗಳ (ಅಪಾರ್ಟ್‌ಮೆಂಟ್) ಗಚ್ಚಿ ಖಾಲಿ ಬಿದ್ದಾವ. ನೀರಿನ ಟಾಕಿ, ಡಿಶ್ ಆಂಟೆನಾ, ಬ್ಯಾಸಗಿ ಬಂತಂದ್ರ ಹಪ್ಪಳ ಸಂಡಿಗಿ, ಅಷ್ಟ. ಅಲ್ಲೇ ಕರೆಂಟ್ ಮಾಡಬಹುದು, ದಿನಾ ಚೆಲ್ಲೋ ಓಲಾ ಕಚರಾದಿಂದ (ಹಸಿ ಕಸ) ಗ್ಯಾಸ್ ಮಾಡಬಹುದು ಅನ್ನೂದು ಎಲ್ಲಾರೂ ಕೇಳ್ಯಾರ, ಆದ್ರ ಮೀಟಿಂಗಿನಾಗ ವಿಷಯ ಬಂತಂದ್ರ "ಮುಂದಿನ ವರ್ಷ ನೋಡೋಣ" ಅಂತ ಎದ್ದು ಹೋಗ್ತಾರ. ಮೊದಲು ನಮ್ಮ ಸೊಸೈಟಿಯೊಳಗ, ಆಮ್ಯಾಲೆ ಪರಿಚಯದವರ ಎರಡು ಸೊಸೈಟಿಯೊಳಗ ನಾ ಈ ತಿಳಿಸಿ ಹೇಳೋ ಕೆಲಸ ಮಾಡೀನಿ, ಅದರಾಗ ಏನು ನಡೀತು ಏನು ನಡೀಲಿಲ್ಲ ಅಂತ ಬರೀತೀನಿ, ನಿಮ್ಮ ಕಡೆ ಮಾಡೋರಿಗೆ ಉಪಯೋಗ ಆಗಲಿ.

ಮೊದಲನೇ ಸರ್ತಿ ಮಾಡಿದ್ದು ತಪ್ಪು. ಒಂದು ಸೋಲಾರ್ ಕಂಪನಿಯವರನ್ನ ಕರ್ಸಿದ್ವಿ, ಪ್ರೊಜೆಕ್ಟರ್ ಹಚ್ಚಿ ಮೆಗಾವ್ಯಾಟು, ಕಾರ್ಬನ್ನು, ಜರ್ಮನಿ ಟೆಕ್ನಾಲಜಿ ಅಂತ ಒಂದು ತಾಸು ಹೇಳಿದ್ರು, ಮಂದಿ ಉಪ್ಪಿಟ್ಟು ತಿಂದು ಮನಿಗೆ ಹೋದ್ರು. ಮೂರನೇ ಮಹಡಿ ಅಜ್ಜಿ ಒಬ್ಬರು ಮೆಟ್ಟಿಲ ಮ್ಯಾಲೆ ನನ್ನ ನಿಲ್ಲಿಸಿ, "ಅವಾ ಹೇಳಿದ್ದೆಲ್ಲಾ ಖರೇನ ಇರಬಹುದಪಾ, ನನ್ನ ಬಿಲ್ಲು ಎಷ್ಟು ಕಮ್ಮಿ ಆಗ್ತದ ಅಂತ ಒಂದು ಮಾತು ಹೇಳಲಿಲ್ಲಲ್ಲ" ಅಂದ್ರು. ಅವತ್ತಿನಿಂದ ಮಾರೋರನ್ನ ಮೊದಲು ಕರೆಯೂದು ಬಿಟ್ಟೆ. ಅವರು ಬರೋದು ಕಡೀಕ, ಮಂದಿಗೆ ಪ್ರಶ್ನೆ ಕೇಳಾಕ ಬಂದ ಮ್ಯಾಲೆ.

ಹಂಗಾಗಿ ಮೊದಲನೇ ಕೂಟಕ್ಕ ಒಂದ ಮಾತು ಹೇಳ್ರಿ, ಬರೋವಾಗ ಲೈಟ್ ಬಿಲ್ ತರ್ರಿ. ದೊಡ್ಡ ಸಭಾ ಬ್ಯಾಡ, ಎಂಟು ಹತ್ತು ಮಂದಿ ಸಾಕು. ಭಿಶಿ (ಚೀಟಿ) ಇರೋ ದಿನ, ಭಜನಾ ಮುಗಿದ ಮ್ಯಾಲೆ, ಸಂಕ್ರಮಣದ ಅರಿಶಿಣ ಕುಂಕುಮದ ಹೊತ್ತಿಗೆ, ಹೆಂಗೂ ಕೂಡಿದಾಗ ಅರ್ಧಾ ತಾಸು ತಗೋರಿ. ಹೆಣ್ಣಮಕ್ಕಳು ಕೂಡೋ ಕಡೆ ಮೊದಲು ಮಾಡ್ರಿ ಅಂತ ನಾ ಒತ್ತಿ ಹೇಳ್ತೀನಿ, ಗೀಝರ್ ಯಾವಾಗ ಹಚ್ತಾರ, ಗ್ಯಾಸ್ ಎಷ್ಟು ದಿನ ಬರ್ತದ, ಕಚರಾ ಎಷ್ಟು ಬೀಳ್ತದ ಅನ್ನೂದು ಅವರಿಗೆ ಗೊತ್ತಿರ್ತದ, ಚೇರ್ಮನ್‌ಗೆ ಗೊತ್ತಿರಂಗಿಲ್ಲ.

ಬಿಲ್ಲು ಕೈಯಾಗ ಹಿಡಕೊಂಡು ಯೂನಿಟ್ ಅಂದ್ರ ಏನು ಅಂತ ಮೊದಲು ಹೇಳ್ರಿ. ಸಾವಿರ ವ್ಯಾಟಿನ ಇಸ್ತ್ರಿ ಒಂದು ತಾಸು ಬಿಡದ ಉರಿದ್ರ ಒಂದು ಯೂನಿಟ್. 2000 ವ್ಯಾಟಿನ ಗೀಝರ್ ಅರ್ಧಾ ತಾಸಿಗೆ ಅಷ್ಟನ್ನೂ ತಿಂತದ. ಅದ ಒಂದು ಯೂನಿಟ್ಟಿನಾಗ 75 ವ್ಯಾಟಿನ ಹಳೇ ಫ್ಯಾನು 13 ತಾಸು ತಿರುಗ್ತದ, 9 ವ್ಯಾಟಿನ ಎಲ್‌ಇಡಿ ಬಲ್ಬು 110 ತಾಸು ಉರೀತದ. ಇಷ್ಟು ಕೇಳಿದ್ದ ತಡ, ದಿನಾ ಲೈಟ್ ಆರಸು ಆರಸು ಅಂತ ಮಕ್ಕಳಿಗೆ ಬೈಯೋ ಕಾಕು "ಹಂಗಾದ್ರ ಬಲ್ಬಿಗೆ ಯಾಕ ಬೈಯೂದು, ಗೀಝರಿಗೇ ಬೈಬೇಕಲ್ಲ" ಅಂದ್ರು. ಅಲ್ಲಿಂದ ಮಾತು ತಾನ ಬೆಳೀತು. ಆಮ್ಯಾಲೆ ಸ್ಲ್ಯಾಬ್ ತೋರಸ್ರಿ: ಮಹಾವಿತರಣ (ಮಹಾರಾಷ್ಟ್ರದ ಕರೆಂಟ್ ಕಂಪನಿ) ಬಿಲ್ಲಿನಾಗ 100 ಯೂನಿಟ್ ತನಕ ಒಂದು ದರ, 101ರಿಂದ 300ಕ್ಕ ಬ್ಯಾರೆ, 301ರಿಂದ 500ಕ್ಕ ಬ್ಯಾರೆ, ಅದರ ಮ್ಯಾಲೆ ಬ್ಯಾರೆ. ಸೋಲಾರ್ ಬಂದ್ರ ಮೊದಲು ಕಡಿಮಿ ಆಗೂದು ಈ ಮ್ಯಾಲಿನ ತುಟ್ಟಿ ಯೂನಿಟ್ಟು. ಇದನ್ನ ಅವರ ಬಿಲ್ಲಿನ ಮ್ಯಾಲೇ ಪೆನ್ನಿಲೆ ಗೆರಿ ಹೊಡದು ತೋರಸ್ರಿ, ಬೋರ್ಡಿನ ಮ್ಯಾಲೆ ಬರದ್ರ ಹತ್ತೂದಿಲ್ಲ.

"ಇದೆಲ್ಲಾ ಹೊಸಾ ಫ್ಯಾಷನ್" ಅನ್ನೋರು ಒಬ್ಬರು ಇದ್ದ ಇರ್ತಾರ. ಅವರಿಗೆ ಲೋಣಾವಳ ನೆನಪು ಮಾಡ್ರಿ. ಅಲ್ಲಿ ಕೆರಿಗಳೊಳಗ ಮಳಿ ನೀರು ಹಿಡದು ಘಾಟಿನ ಕೆಳಗ ಖೋಪೋಲಿಗೆ ಇಳಿಸಿ 1915ರಾಗ ಟಾಟಾದವರು ಕರೆಂಟ್ ಮಾಡಿ ಮುಂಬೈ ಮಿಲ್ಲುಗಳಿಗೆ ಕೊಟ್ರು. ಈ ಸೀಮಿಯೊಳಗ ಬಿದ್ದ ಮಳಿಯಿಂದ ಕರೆಂಟ್ ತಗೊಂಡು ನೂರು ವರ್ಷದ ಮ್ಯಾಲಾತು, ಈಗ ಬಿಸಿಲಿಂದ ತಗೋತೀವಿ, ಅಷ್ಟ ಫರಕು.

ಎರಡನೇ ಸರ್ತಿ ಎಲ್ಲಾರನ್ನೂ ಗಚ್ಚಿಗೆ ಕರ್ಕೊಂಡು ಹೋಗ್ರಿ, ಕೈಯಾಗ ಸೀಮೆಸುಣ್ಣ ಇರಲಿ. 10 ಫೂಟ್ ಉದ್ದ 10 ಫೂಟ್ ಅಗಲ ಒಂದು ಚೌಕ ಹೊಡೀರಿ, ಸುಮಾರು ಇಷ್ಟು ಜಾಗಾದಾಗ 1 ಕಿಲೋವ್ಯಾಟ್ (ಸಾವಿರ ವ್ಯಾಟ್) ಪ್ಯಾನೆಲ್ ಕೂಡ್ತದ, ವರ್ಷದ ಸರಾಸರಿ ಹಿಡದ್ರ ದಿನಕ್ಕ 4 ಯೂನಿಟ್, ತಿಂಗಳಿಗೆ 120ರ ಆಸುಪಾಸು. ಆಮ್ಯಾಲೆ ಮಕ್ಕಳ ಕೈಯಾಗ ಸೀಮೆಸುಣ್ಣ ಕೊಟ್ಟು ಟಾಕಿ ನೆರಳು, ಲಿಫ್ಟ್ ರೂಮಿನ ನೆರಳು, ಬಾಜೂ ಬಿಲ್ಡಿಂಗಿನ ನೆರಳು ಎಲ್ಲೆಲ್ಲಿ ಬೀಳ್ತದ ಅಂತ ಮುಂಜಾನೆ 10ಕ್ಕ ಒಮ್ಮೆ, ಸಂಜಿ 4ಕ್ಕ ಒಮ್ಮೆ ಗೆರಿ ಹೊಡಸ್ರಿ. ಇದನ್ನ ಡಿಸೆಂಬರಿನಾಗ ಮಾಡಿದ್ರ ಭಾಳ ಛೊಲೋ, ಆವಾಗ ಸೂರ್ಯ ದಕ್ಷಿಣಕ್ಕ ವಾಲಿ ನೆರಳು ಎಲ್ಲಾಕ್ಕಿಂತ ಉದ್ದ ಇರ್ತದ, ಆ ನೆರಳಿಗೆ ಸಿಗದ ಜಾಗಾ ವರ್ಷದಾಗ ಹೆಚ್ಚಿನ ದಿನ ಬಿಸಿಲಿನಾಗ ಇರ್ತದಂತ ಹಿಡೀಬಹುದು. ಪ್ಯಾನೆಲ್ ಮುಖಾ ದಕ್ಷಿಣಕ್ಕ ಇರಬೇಕು, ಪುಣೆಕ್ಕ ಹದಿನೆಂಟು ಹತ್ತೊಂಬತ್ತು ಡಿಗ್ರಿ ಓರೆ ಸಾಕು.

ನೆರಳು ಅಷ್ಟು ಯಾಕ ಅಂತ ಕೇಳ್ತಾರ. ಬಾಯಿಲೆ ಹೇಳಬ್ಯಾಡ್ರಿ. 20 ವ್ಯಾಟಿನ ಸಣ್ಣ ಪ್ಯಾನೆಲ್ಲು, 12 ವೋಲ್ಟಿನ ಸಣ್ಣ ಡಿಸಿ ಫ್ಯಾನು ತಗೊಂಡು ವಯರ್ ಜೋಡಿಸಿ ಬಿಸಿಲಿಗೆ ಇಡ್ರಿ, ಫ್ಯಾನು ತಿರುಗ್ತದ. ಈಗ ಒಬ್ಬರಿಗೆ ಒಂದು ಮೂಲಿ ಮ್ಯಾಲೆ ಬರೇ ಅಂಗೈ ಇಡಾಕ ಹೇಳ್ರಿ. ಫ್ಯಾನು ಸುಸ್ತಾಗ್ತದ, ಕೆಲವು ಸರ್ತಿ ನಿಂತ ಬಿಡ್ತದ. ಒಳಗಿನ ಸೆಲ್ಲುಗಳು ಒಂದಕ್ಕೊಂದು ಸಾಲಾಗಿ ಜೋಡಿಸಿರ್ತಾವ, ಒಂದು ಸೆಲ್ ಮುಚ್ಚಿದ್ರ ಕರೆಂಟ್ ದಾರೀನ ಕಟ್ಟಾಗ್ತದ, ಸಣ್ಣ ಪೈಪಿನಾಗ ಬಟ್ಟಿ ತುರುಕಿದಂಗ. ಇದು ನೋಡಿದ ಮ್ಯಾಲೆ ಪಾರಿವಾಳದ ಹೊಲಸು ಯಾಕ ತೊಳೀಬೇಕು ಅಂತ ಯಾರಿಗೂ ಬ್ಯಾರೆ ಹೇಳೂದು ಬೇಕಾಗಿಲ್ಲ (ಪುಣೆದಾಗ ಪಾರಿವಾಳ ಎಷ್ಟು ಅಂತ ನಿಮಗ ಗೊತ್ತದ).

ಅಲ್ಲೇ ನಿಂತು ಇನ್ನ ಎರಡು ತಪ್ಪು ತಿಳುವಳಿಕಿ ತೆಗೀರಿ. ನೀರು ಕಾಯಿಸೋ ಸೋಲಾರ್ ಬ್ಯಾರೆ, ಕರೆಂಟ್ ಮಾಡೋ ಸೋಲಾರ್ ಬ್ಯಾರೆ. ಮೊದಲನೇದಕ್ಕ ಬಿಸಿಲಿನ ಕಾವು ಬೇಕು, ಎರಡನೇದಕ್ಕ ಬೆಳಕು. ಕಾವು ಹೆಚ್ಚಾದ್ರ ಪ್ಯಾನೆಲ್ಲು ಒಂದೀಟು ಕಮ್ಮಿನ ಕೊಡ್ತದ, ಪ್ಯಾನೆಲ್ಲಿನ ಕಾವು 25 ಡಿಗ್ರಿ ದಾಟಿದ ಮ್ಯಾಲೆ ಒಂದೊಂದು ಡಿಗ್ರಿಗೂ ಸುಮಾರು 0.4 ಪರ್ಸೆಂಟ್ ಇಳೀತದ. ಎರಡನೇದು ಭಾಳ ಮುಖ್ಯ, ಇದನ್ನ ಮುಚ್ಚಿಟ್ರ ಆಮ್ಯಾಲೆ ನಿಮ್ಮ ಮ್ಯಾಲಿನ ವಿಶ್ವಾಸ ಹೋಗ್ತದ: ಲೈನಿಗೆ ಜೋಡಿಸಿದ ಸಾದಾ ಸೋಲಾರು ಹೊರಗಿನ ಕರೆಂಟ್ ಹೋದ್ರ ತಾನೂ ಬಂದ್ ಆಗ್ತದ. ಕಂಬದ ಮ್ಯಾಲೆ ಲೈನ್‌ಮನ್ ಕೆಲಸಾ ಮಾಡ್ತಿರ್ತಾನ, ನಮ್ಮ ಗಚ್ಚಿ ಕರೆಂಟ್ ತಂತಿಗೆ ಹರದ್ರ ಅವನ ಜೀವಕ್ಕ ಅಪಾಯ, ಅದಕ್ಕ ಇನ್ವರ್ಟರಿನಾಗ (ಪ್ಯಾನೆಲ್ ಕರೆಂಟನ್ನ ಮನಿ ಕರೆಂಟ್ ಮಾಡೋ ಡಬ್ಬಿ) ಈ ವ್ಯವಸ್ಥಾ ಇಟ್ಟಾರ. ಕರೆಂಟ್ ಹೋದಾಗೂ ಬೇಕಂದ್ರ ಬ್ಯಾಟರಿ ಇರೋ ಹೈಬ್ರಿಡ್ ಸಿಸ್ಟಮ್ ಬೇಕು, ರೊಕ್ಕಾ ಹೆಚ್ಚು.

ಇನ್ನ ನೆಟ್ ಮೀಟರ್. ಈ ಶಬ್ದ ಬಂದ ಕೂಡಲೆ ಮಂದಿ ಮುಖಾ ಸಣ್ಣದು ಮಾಡ್ತಾರ. ನಾ ಹಿಂಗ ಹೇಳ್ತೀನಿ: ನಿಮ್ಮ ಮನ್ಯಾಗ ಸಕ್ಕರಿ ಹೆಚ್ಚಾದಾಗ ಬಾಜೂ ಮನಿ ವೈನಿಯವರಿಗೆ ಎರಡು ವಾಟಿ ಕೊಟ್ಟಿರಿ, ನಿಮಗ ಬೇಕಾದಾಗ ಅವರ ಕಡೆ ತಂದ್ರಿ, ತಿಂಗಳಾ ಕಡೀಕ ಲೆಕ್ಕಾ ಮಾಡಿದ್ರಿ. ಹಗಲ ಹೆಚ್ಚಾದ ಕರೆಂಟು ಲೈನಿಗೆ ಹೋಗ್ತದ, ರಾತ್ರಿ ಅಲ್ಲಿಂದ ಬರ್ತದ, ಮೀಟರ್ ಎರಡೂ ಬರದು ಇಡ್ತದ. ಒಂದು ಲೆಕ್ಕ ಬಾಯಿಪಾಠ ಇರಲಿ. ಸೊಸೈಟಿಯ ಲಿಫ್ಟು, ಪಂಪು, ಮೆಟ್ಟಿಲ ಲೈಟು ಕೂಡಿ ತಿಂಗಳಿಗೆ 900 ಯೂನಿಟ್ ಅಂತ ಇಟ್ಕೋರಿ. 8 ಕಿಲೋವ್ಯಾಟ್ ಹಾಕಿದ್ರ 960 ಯೂನಿಟ್ ಆಗ್ತದ. ಅದರಾಗ 400 ಹಗಲ ಅಲ್ಲೇ ಖರ್ಚಾತು, ಉಳಿದ 560 ಲೈನಿಗೆ ಹೋತು. ರಾತ್ರಿ ಲೈನಿಂದ ತಗೊಂಡಿದ್ದು 500. ಅಂದ್ರ 60 ಯೂನಿಟ್ ನಮ್ಮ ಹೆಸರಿಗೆ ಜಮಾ, ಮುಂದಿನ ತಿಂಗಳಿಗೆ ಹೋಗ್ತದ. ಆದ್ರ "ಬಿಲ್ ಝೀರೋ" ಅಂತ ಯಾರಿಗೂ ಹೇಳಬ್ಯಾಡ್ರಿ, ಫಿಕ್ಸ್ಡ್ ಚಾರ್ಜ್ ಇದ್ದ ಇರ್ತದ.

ರೊಕ್ಕದ ಮಾತಿಗೆ: 2024ರಾಗ ಶುರು ಆದ ಪಿಎಂ ಸೂರ್ಯ ಘರ್ ಯೋಜನಾದಾಗ ಸ್ವಂತ ಗಚ್ಚಿ ಇರೋ ಮನಿಗೆ 1 ಕಿಲೋವ್ಯಾಟಿಗೆ 30,000, 2ಕ್ಕ 60,000, 3 ಅಥವಾ ಅದಕ್ಕಿಂತ ಹೆಚ್ಚಿಗೆ 78,000 ರೂಪಾಯಿ ಸಬ್ಸಿಡಿ ಅಂತ ಇಟ್ಟಾರ. ಸೊಸೈಟಿ ಕಾಮನ್ ಲೈಟಿಗೆ ಕಿಲೋವ್ಯಾಟಿಗೆ 18,000, ಅಂದ್ರ ನಮ್ಮ 8 ಕಿಲೋವ್ಯಾಟಿಗೆ 1,44,000. ಇದು ಸಿಗಬೇಕಂದ್ರ ಸರ್ಕಾರದ ಪೋರ್ಟಲಿನಾಗ ಹೆಸರಿರೋ ವೆಂಡರ್ ಬೇಕು, ನಮ್ಮ ದೇಶದಾಗ ಮಾಡಿದ ಸೆಲ್ಲಿನ ಪ್ಯಾನೆಲ್ ಬೇಕು. ಅರ್ಜಿ ಹಾಕೋ ದಿನ ಪೋರ್ಟಲಿನಾಗ ಮತ್ತೊಮ್ಮೆ ನೋಡ್ರಿ. ಕೊಟೇಶನ್ ಮೂರಕ್ಕಿಂತ ಕಮ್ಮಿ ತರಬ್ಯಾಡ್ರಿ, ಬಿಲ್ಲಿನ ಮ್ಯಾಲಿರೋ ಸ್ಯಾಂಕ್ಷನ್ ಲೋಡ್ (ನಮಗ ಮಂಜೂರಾದ ಕರೆಂಟಿನ ಮಿತಿ) ಬರದು ಇಟ್ಕೋರಿ, ಕೇಳ್ತಾರ.

ಸಿಟ್ಟು ಬರೋದು ಎಲ್ಲಿ ಅಂದ್ರ ಮ್ಯಾಲಿನ ಮಹಡಿಯವರ ಕಡೆ. ಅವರ ಹೆದರಿಕಿ ಖರೇ ಅದ, ಸ್ಲ್ಯಾಬಿಗೆ ತೂತು ಕೊರೆದ್ರ ಮಳಿಗಾಲದಾಗ ಸೋರೂದು ಅವರ ಮನ್ಯಾಗ. ಮೀಟಿಂಗಿಗಿಂತ ಮೊದಲ ಅವರ ಮನಿಗೆ ಹೋಗಿ ಚಹಾ ಕುಡೀರಿ, ತೂತು ಹೊಡೀದ ಕಾಂಕ್ರೀಟ್ ಬ್ಲಾಕಿನ ಭಾರದ ಮ್ಯಾಲೆ ನಿಲ್ಲಿಸೋ ಸ್ಟ್ರಕ್ಚರ್ ಬರ್ತದ ಅಂತ ಫೋಟೋ ತೋರಸ್ರಿ, ಗಚ್ಚಿ ಅಷ್ಟು ಭಾರ ತಡೀತದೋ ಇಲ್ಲೋ ಇಂಜಿನಿಯರ್ ಕಡೆ ಬರಸಿ ತರ್ತೀವಿ ಅಂತ ಮಾತು ಕೊಡ್ರಿ, ಕೊಟ್ಟ ಮಾತು ನಡಸ್ರಿ. ಹಪ್ಪಳಕ್ಕ ಜಾಗಾ ಬಿಡ್ರಿ, ಖರೇನ ಹೇಳ್ತೀನಿ. ನಮ್ಮ ನಕಾಶಿಯೊಳಗ ಒಂದು ಮೂಲಿ "ಸಂಡಿಗಿ" ಅಂತ ಬರದು ಇಟ್ಟ ಮ್ಯಾಲೇನ ನಾಲ್ಕು ಮನಿಯವರು ಹೂಂ ಅಂದ್ರು.

ಜನಕ್ಕ ಬೇಕಾದ್ದು ಮೊದಲು ಕೇಳಬೇಕು ಅನ್ನೂದಕ್ಕ ನಮ್ಮ ಕರ್ನಾಟಕದ್ದ ಒಂದು ದೊಡ್ಡ ಉದಾಹರಣಿ ಅದ, ನಾ ಪ್ರತಿ ಕೂಟದಾಗೂ ಹೇಳ್ತೀನಿ. ತುಮಕೂರು ಜಿಲ್ಲಾದ ಪುರ ಅನ್ನೋ ಹಳ್ಳಿಯೊಳಗ ಬೆಂಗಳೂರಿನ ವಿಜ್ಞಾನ ಸಂಸ್ಥಾ ಐಐಎಸ್‌ಸಿಯ ಅಸ್ತ್ರ ತಂಡ, ಅಮೂಲ್ಯ ರೆಡ್ಡಿಯವರು ಕಟ್ಟಿದ್ದು, ಸಗಣಿ ಗ್ಯಾಸ್ ಪ್ಲಾಂಟ್ ಮಾಡಿತ್ತು. ಮೊದಲು ಅಡಗಿಗೆ ಗ್ಯಾಸ್ ಕೊಡೋ ವಿಚಾರ, ಅದು ನಡೀಲಿಲ್ಲ, ಊರಿನ ಎಲ್ಲಾ ಒಲಿಗೆ ಸಾಲೋವಷ್ಟು ಸಗಣಿ ಇರಲಿಲ್ಲ. ಊರವರಿಗೆ ಬೇಕಾಗಿದ್ದು ಕುಡಿಯೋ ನೀರು. ಆಮ್ಯಾಲೆ ಅದ ಗ್ಯಾಸಿನಿಂದ ಇಂಜಿನ್ ನಡೆಸಿ ಕರೆಂಟ್ ಮಾಡಿದ್ರು, 1987ರಿಂದ ಬೋರಿನ ನೀರು ನಳಕ್ಕ ಬಂತು, ಮನಿಗೆ ದೀಪ ಬಂತು, ಸಗಣಿ ಕೊಟ್ಟವರಿಗೆ ಗೊಬ್ಬರ ವಾಪಸ್ ಹೋತು.

ನಮ್ಮ ಸೊಸೈಟಿಯೊಳಗ ಸಗಣಿ ಇಲ್ಲ, ಓಲಾ ಕಚರಾ ಅದ. ಸಗಣಿ ಇಲ್ಲದನೂ ಗ್ಯಾಸ್ ಆಗ್ತದ: ಮುಂಬೈ ಮಾಟುಂಗಾದ ಕುಷ್ಠರೋಗಿಗಳ ಆಶ್ರಮದಾಗ 1897ರಷ್ಟು ಹಿಂದನ ಮಲದಿಂದ ಗ್ಯಾಸ್ ಹಿಡದು ಇಂಜಿನ್ ನಡೆಸಿದ್ರು. ಪುಣೆದ ಆರ್ತಿ ಸಂಸ್ಥಾದ ಆನಂದ ಕರ್ವೆಯವರು ಅಡಗಿಮನಿ ಕಚರಾದ ಸಣ್ಣ ಪ್ಲಾಂಟ್ ಮಾಡಿದ್ರು, 2006ರಾಗ ಅದಕ್ಕ ಸ್ವಚ್ಛ ಇಂಧನದ ಕೆಲಸಕ್ಕ ಕೊಡೋ ಆಶ್ಡೆನ್ ಪ್ರಶಸ್ತಿ ಬಂತು. ದೊಡ್ಡ ಪ್ರಮಾಣಕ್ಕ ಟ್ರಾಂಬೆಯ ಅಣು ಸಂಶೋಧನಾ ಕೇಂದ್ರ ಬಿಎಆರ್‌ಸಿಯವರ ನಿಸರ್ಗಋಣ ಪ್ಲಾಂಟ್ ಅದ. ಸುಮಾರು 10 ಕಿಲೋ ಕಚರಾಕ್ಕ ಒಂದು ಘನ ಮೀಟರ್ ಗ್ಯಾಸು, ಅದು ಸಿಲಿಂಡರಿನ ಅರ್ಧಾ ಕಿಲೋ ಗ್ಯಾಸಿಗಿಂತ ಸ್ವಲ್ಪ ಕಮ್ಮಿ. ಅಂದ್ರ ಎಲ್ಲಾ ಮನಿಗೆ ಸಾಲಂಗಿಲ್ಲ, ವಾಚ್‌ಮನ್ ಮನಿ ಒಲಿಗೆ, ಹಬ್ಬದ ದಿನ ಚಹಾಕ್ಕ ಸಾಕು. ಉಳ್ಳಾಗಡ್ಡಿ ಸಿಪ್ಪಿ, ತತ್ತಿ ಸಿಪ್ಪಿ, ಎಲುಬು, ತೆಂಗಿನ ನಾರು ಹಾಕಬಾರ್ದು. ಶುರುಕ್ಕ ಸಗಣಿ ನೀರು ಬೇಕ ಬೇಕು, ಕೆಲವು ವಾರ ಕಾಯಬೇಕು, ಖುಷಿಯಿಂದ ಒಮ್ಮೆಲೆ ಹೆಚ್ಚು ಹಾಕಿದ್ರ ಹುಳಿ ಆಗಿ ಗ್ಯಾಸ ನಿಲ್ತದ. ಕಚರಾ ಸರಿ ಬ್ಯಾರೆ ಮಾಡದ ಸೊಸೈಟಿಯೊಳಗ ಇದನ್ನ ಶುರು ಮಾಡಬ್ಯಾಡ್ರಿ, ಆರು ತಿಂಗಳು ಓಲಾ, ಸುಕಾ (ಒಣ) ಬ್ಯಾರೆ ಮಾಡೋ ರೂಢಿ ಆಗಲಿ.

ಪ್ಯಾನೆಲ್ ಕೂತ ಮ್ಯಾಲೂ ತಿಳಿಸಿ ಹೇಳೋ ಕೆಲಸಾ ಮುಗೀಲಿಲ್ಲ. ಲಿಫ್ಟ್ ಬಾಜೂಕ ಒಂದು ಕರೀ ಹಲಗಿ ಹಾಕ್ರಿ, ಪ್ರತಿ ರವಿವಾರ ಒಂದೊಂದು ಮನಿ ಮಕ್ಕಳು ಇನ್ವರ್ಟರ್ ನೋಡಿ ಆ ವಾರ ಎಷ್ಟು ಯೂನಿಟ್ ಆತು ಅಂತ ಬರೀಲಿ, ಕನ್ನಡ ಮರಾಠಿ ಎರಡರಾಗೂ. ಹದಿನೈದು ದಿನಕ್ಕೊಮ್ಮೆ ತೊಳೀಬೇಕು, ಮುಂಜಾನೆ ಬಿಸಿಲು ಏರೋಕಿಂತ ಮೊದಲು, ಕಾದ ಗಾಜಿನ ಮ್ಯಾಲೆ ತಣ್ಣೀರು ಹಾಕಬಾರ್ದು. ತೊಳೆದ ವಾರದ ಅಂಕಿ ಬಾಜೂಕ ಒಂದು ಚಿಕ್ಕಿ ಗುರುತು ಹಾಕಸ್ರಿ, ಫರಕು ಅವರಿಗೇ ಕಾಣ್ತದ. ಜುಲೈ ಆಗಸ್ಟಿನಾಗ ಅಂಕಿ ಬಿದ್ದ ಬೀಳ್ತಾವ, ಮೇ ತಿಂಗಳಾಗಿಂದನ ಎಲ್ಲಾರಿಗೂ ಹೇಳಿ ಇಡ್ರಿ, ಮತ್ತ ಕಮ್ಮಿ ಬಂದ ವಾರದ್ದೂ ಬರಸ್ರಿ, ಅಳಸಬ್ಯಾಡ್ರಿ.