ಒಂದೇ ಲೆನ್ಸ್ ಸಾಕು ಅನ್ನುವವರು ಲೆನ್ಸ್ ಆರಿಸುವುದು ಹೇಗೆ?

"18-400 ತಗೊಳ್ಲಾ, 18-300 ಸಾಕಾ?" ಅಂತ ಸೂಪರ್ ಜೂಮ್ (ಅಗಲದಿಂದ ದೂರದವರೆಗೆ ಎಲ್ಲಕ್ಕೂ ಒಂದೇ ಆಗುವ) ಲೆನ್ಸ್ ಬಗ್ಗೆ ಯಾರಾದರೂ ಕೇಳಿದರೆ ನಾನು ಉತ್ತರ ಹೇಳುವುದಿಲ್ಲ. ನಿಮ್ಮ ಹಳೇ ಫೋಟೋಗಳನ್ನು ತೆಗೆದು ನೋಡಿ ಅನ್ನುತ್ತೇನೆ. ಚೆನ್ನಾಗಿ ಬಂದಿವೆಯಾ ಅಂತಲ್ಲ, ಯಾವ ಫೋಕಲ್ ಲೆಂಗ್ತ್‌ನಲ್ಲಿ ತೆಗೆದಿದ್ದೀರಿ ಅಂತ. ಲೆನ್ಸ್ ಹೆಸರಿನಲ್ಲಿರುವ ಮಿ.ಮೀ. ಸಂಖ್ಯೆಗಳು ಅವೇ: ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. ಪ್ರತಿ ಫೈಲಿನ ಒಳಗೂ ಈ ಲೆಕ್ಕ ಇರುತ್ತದೆ, ಅದನ್ನೇ ಎಕ್ಸಿಫ್ ಅನ್ನುವುದು. ಲೈಟ್‌ರೂಮ್ ಅನ್ನುವ ಫೋಟೋ ಸಾಫ್ಟ್‌ವೇರ್ ಇದ್ದರೆ ಫೋಕಲ್ ಲೆಂಗ್ತ್ ಪ್ರಕಾರ ಫೋಟೋಗಳನ್ನು ಬೇರ್ಪಡಿಸಿ ನೋಡಬಹುದು. ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಫೋಟೋದ ಪ್ರಾಪರ್ಟೀಸ್ ತೆರೆದರೂ ಕಾಣುತ್ತದೆ.

ಸಾಮಾನ್ಯವಾಗಿ ನಿಮ್ಮ ಹತ್ತಿರ ಇರುವುದು ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸ್. ಫೋಟೋಗಳು 18ರಲ್ಲೇ ರಾಶಿ ಬಿದ್ದಿದ್ದರೆ ನಿಮಗೆ ಅಗಲ ಸಾಲುತ್ತಿಲ್ಲ ಅಂತ ಅರ್ಥ. 55ರಲ್ಲಿ ರಾಶಿ ಬಿದ್ದಿದ್ದರೆ ದೂರ ಸಾಲುತ್ತಿಲ್ಲ. ನನ್ನವನ್ನು ನೋಡಿದಾಗ ಮುಕ್ಕಾಲು ಪಾಲು ಅಗಲದ ಕಡೆಯೇ ಇದ್ದವು. ಹಾಗಾಗಿ ನಾನು ಆರಿಸಿದ್ದು ಟ್ಯಾಮ್ರಾನ್ 16-300. ಅದರ ನಂತರ 2017ರಲ್ಲಿ ಅದೇ ಕಂಪನಿಯ 18-400 ಬಂತು. ಜನ ಅದರ ಹಿಂದೆ ಓಡಿದರು. ನಾನು ಬದಲಿಸಲಿಲ್ಲ.

ಕಾರಣ ಹೇಳುತ್ತೇನೆ. 18 ಮತ್ತು 16, ನೋಡಲು ಎರಡೇ ಮಿ.ಮೀ. ವ್ಯತ್ಯಾಸ. ಆದರೆ ಎಪಿಎಸ್-ಸಿ (ಸಾಮಾನ್ಯ ಕ್ಯಾಮೆರಾಗಳಲ್ಲಿರುವ ಚಿಕ್ಕ ಅಳತೆಯ) ಸೆನ್ಸರ್ ಮೇಲೆ 18 ಸುಮಾರು 76 ಡಿಗ್ರಿ ನೋಡಿದರೆ 16 ಸುಮಾರು 82 ಡಿಗ್ರಿ ನೋಡುತ್ತದೆ. ಚಿಕ್ಕ ಕೋಣೆಯಲ್ಲಿ ಬೆನ್ನು ಗೋಡೆಗೆ ತಾಗಿಸಿ ನಿಂತು, ಬದಿಯಲ್ಲಿದ್ದ ಇಬ್ಬರು ಫ್ರೇಮಿನಿಂದ ಹೊರಗೆ ಉಳಿದಾಗ ಆ ಎರಡು ಮಿ.ಮೀ. ಬೆಲೆ ಗೊತ್ತಾಗುತ್ತದೆ. ದೂರದ ತುದಿಯಲ್ಲಿ ಹಾಗಲ್ಲ. 24 ಮೆಗಾಪಿಕ್ಸೆಲ್ ಕ್ಯಾಮೆರಾದಲ್ಲಿ 300ರಲ್ಲಿ ತೆಗೆದ ಫೋಟೋವನ್ನು 400ರಷ್ಟು ಹತ್ತಿರ ಕಾಣುವಂತೆ ಕ್ರಾಪ್ ಮಾಡಿದರೂ 13.5 ಮೆಗಾಪಿಕ್ಸೆಲ್ ಉಳಿಯುತ್ತದೆ. ದೂರದ್ದನ್ನು ಆಮೇಲೆ ಕತ್ತರಿಸಿ ಹತ್ತಿರ ತರಬಹುದು. ಫ್ರೇಮಿನ ಹೊರಗೆ ಉಳಿದವರನ್ನು ಒಳಗೆ ತರಲಾಗುವುದಿಲ್ಲ, ಅಲ್ವಾ?

ನಿಮ್ಮ ರಾಶಿಯ ತುಂಬ ಹಕ್ಕಿಗಳೇ ಇದ್ದರೆ ಮಾತು ಬೇರೆ. ಆಗ 400 ಬೇಕು. ನಿಜ ಹೇಳಬೇಕೆಂದರೆ ಆಗ ನಿಮಗೆ ಬೇಕಿರುವುದು ಆಲ್-ಇನ್-ಒನ್ ಅಲ್ಲ, 150-600ರಂಥ ಬೇರೆ ಲೆನ್ಸ್.

ಪೆಟ್ಟಿಗೆ ಮೇಲೆ ಬರೆಯುವ 16 ಪಟ್ಟು, 22 ಪಟ್ಟು ಜೂಮ್ ಅನ್ನುವುದಕ್ಕೆ ಮರುಳಾಗಬೇಡಿ. ಅದು ದೊಡ್ಡ ಸಂಖ್ಯೆಯನ್ನು ಚಿಕ್ಕದರಿಂದ ಭಾಗಿಸಿದ್ದು, ಅಷ್ಟೇ.

ಈಗ ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಜಾಸ್ತಿ ಜನ ಎಡವುವುದು ಇಲ್ಲೇ. ಲೆನ್ಸ್ ಮೇಲೆ ಎಫ್/3.5-6.3 ಅಂತ ಇರುತ್ತದೆ. 3.5 ಸಿಗುವುದು ಅಗಲದ ತುದಿಯಲ್ಲಿ ಮಾತ್ರ. 6.3 ಯಾವಾಗ ಶುರುವಾಗುತ್ತದೆ ಅನ್ನುವುದು ಹೆಸರಿನಲ್ಲಿ ಇರುವುದಿಲ್ಲ. ಅದನ್ನು ನೀವೇ ಕಂಡುಕೊಳ್ಳಬೇಕು. ಲೆನ್ಸನ್ನು ಕ್ಯಾಮೆರಾಗೆ ಹಾಕಿ, ನಿಕಾನ್ ಆದರೆ ಎ, ಕ್ಯಾನನ್ ಆದರೆ ಎವಿ ಮೋಡ್‌ಗೆ ತಿರುಗಿಸಿ. ಅಪರ್ಚರನ್ನು ಅತಿ ಚಿಕ್ಕ ಸಂಖ್ಯೆಗೆ ಇಡಿ. ಈಗ ಜೂಮ್ ರಿಂಗನ್ನು ನಿಧಾನವಾಗಿ ತಿರುಗಿಸುತ್ತಾ ಹೋಗಿ. 3.5, 4, 4.5, 5 ಅಂತ ಸಂಖ್ಯೆ ಏರುತ್ತದೆ. ಯಾವ ಮಿ.ಮೀ. ಹತ್ತಿರ 5.6 ಬಂತು ಅಂತ ಬರೆದಿಟ್ಟುಕೊಳ್ಳಿ. ಎರಡು ಲೆನ್ಸ್‌ಗಳ ಹೆಸರಿನಲ್ಲಿ ಒಂದೇ ಅಪರ್ಚರ್ ಇದ್ದರೂ ಒಂದು ಬೇಗ ಏರಬಹುದು, ಇನ್ನೊಂದು ನಿಧಾನವಾಗಿ ಏರಬಹುದು. 50ರಿಂದ 100ರ ನಡುವೆ ಮನುಷ್ಯರ ಫೋಟೋ ತೆಗೆಯುವವರಿಗೆ ಇದು ದೂರದ ತುದಿಗಿಂತ ಮುಖ್ಯ.

ಹಾಗಂತ 5.6 ಒಳ್ಳೆಯದು, 6.3 ಕೆಟ್ಟದ್ದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಅವೆರಡರ ನಡುವೆ ಇರುವುದು ಮೂರನೇ ಒಂದು ಸ್ಟಾಪ್ (ಬೆಳಕು ಇಮ್ಮಡಿಯಾದರೆ ಒಂದು ಸ್ಟಾಪ್). ಆದರೆ 6.3 ಮತ್ತು 1.8ರ ನಡುವಿನ ಅಂತರ ದೊಡ್ಡದು, ಬೆಳಕಿನಲ್ಲಿ ಸುಮಾರು 12 ಪಟ್ಟು. ಮಂದ ಬೆಳಕಿನ ಸಭಾಂಗಣದಲ್ಲಿ ಮಕ್ಕಳು ಕುಣಿಯುತ್ತಿದ್ದಾರೆ ಅಂದುಕೊಳ್ಳಿ. ಎಫ್/1.8ರಲ್ಲಿ ಐಎಸ್‌ಒ (ಬೆಳಕಿಗೆ ಸೆನ್ಸರ್ ಎಷ್ಟು ಸೂಕ್ಷ್ಮ ಅನ್ನುವ ಸಂಖ್ಯೆ, ಏರಿದಷ್ಟೂ ಚಿತ್ರ ಕಾಳುಕಾಳು) 400 ಸಾಕಾಗುವ ಕಡೆ 6.3ರಲ್ಲಿ ಸುಮಾರು 5000 ಬೇಕು. "ಇದರಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ" ಅನ್ನುತ್ತಾರೆ. ಇದೆ. ಅದು ನಡುಗುವ ನಿಮ್ಮ ಕೈಯನ್ನು ಸುಧಾರಿಸುತ್ತದೆ. ಕುಣಿಯುವ ಮಗುವನ್ನು ನಿಲ್ಲಿಸುವುದಿಲ್ಲ. ಅದಕ್ಕೆ ಸೆಕೆಂಡಿನ 1/250 ಭಾಗದಷ್ಟಾದರೂ ಶಟರ್ ವೇಗ ಬೇಕು. ಹಾಗಾಗಿ ಸೂಪರ್ ಜೂಮ್ ಜೊತೆಗೆ ಒಂದು 35 ಅಥವಾ 50 ಎಫ್/1.8 ಇಟ್ಟುಕೊಳ್ಳಿ ಅಂತ ನಾನು ಹೇಳುತ್ತೇನೆ. ಒಂದೇ ಲೆನ್ಸ್ ಅಂತ ಶುರು ಮಾಡಿ ಎರಡು ಕೊಳ್ಳಿಸುತ್ತಾರೆ ಅಂತ ನಗಬೇಡಿ. ಕ್ಯಾನನ್‌ನ 50 ಎಫ್/1.8 ಎಸ್‌ಟಿಎಂ ತೂಗುವುದು ಬರೀ 160 ಗ್ರಾಂ.

ಇನ್ನು ತೂಕ. ಟ್ಯಾಮ್ರಾನ್ 18-270ರ ಎರಡನೇ ಆವೃತ್ತಿ 450 ಗ್ರಾಂ, 16-300 ಆದರೆ 540, 18-400 ಸುಮಾರು 700. ನಿಕಾನ್ 18-300ರಲ್ಲಿ ಎರಡು ಬಗೆ ಇವೆ. 2012ರ ಎಫ್/3.5-5.6 ಲೆನ್ಸ್ 830 ಗ್ರಾಂ, 2014ರ ಎಫ್/3.5-6.3 ಲೆನ್ಸ್ 550. ಆ ಮೂರನೇ ಒಂದು ಸ್ಟಾಪ್‌ಗಾಗಿ 280 ಗ್ರಾಂ ಹೊರಬೇಕು. ನನಗಂತೂ ಬೇಡ. ಕುತ್ತಿಗೆಗೆ ನೇತುಹಾಕಿಕೊಂಡು ಸಂಜೆಯವರೆಗೆ ನಡೆಯಲಾಗದ ಲೆನ್ಸ್ ಬ್ಯಾಗಿನಲ್ಲೇ ಉಳಿಯುತ್ತದೆ. ಹಾಗಾದರೆ ಅದನ್ನು ಕೊಂಡ ಉದ್ದೇಶವೇ ಹೋಯಿತು.

ಹೊಂದಾಣಿಕೆ ವಿಷಯ ಚಿಕ್ಕದು, ಆದರೆ ತಪ್ಪಿದರೆ ದುಡ್ಡು ದಂಡ. ನಿಕಾನ್ ಡಿ3000, ಡಿ5000 ಸರಣಿಯ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇರುವುದಿಲ್ಲ. ಮೋಟಾರ್ ಲೆನ್ಸಿನೊಳಗೇ ಇರಬೇಕು. ಇಲ್ಲದಿದ್ದರೆ ಕೈಯಲ್ಲೇ ಫೋಕಸ್ ಮಾಡಬೇಕು. ಕ್ಯಾನನ್‌ನ ಇಎಫ್-ಎಸ್ (ಎಪಿಎಸ್-ಸಿಗೆಂದೇ ಮಾಡಿದ) ಲೆನ್ಸ್ ಅವರದ್ದೇ ಫುಲ್ ಫ್ರೇಮ್, ಅಂದರೆ ದೊಡ್ಡ ಸೆನ್ಸರಿನ ಎಸ್‌ಎಲ್‌ಆರ್ ಮೇಲೆ ಕೂರುವುದಿಲ್ಲ. ಫುಲ್ ಫ್ರೇಮ್ ಇರುವವರು 28-300 ಹುಡುಕಬೇಕು. ಕ್ಯಾನನ್ ಎಲ್ ಸರಣಿಯ 28-300 ಒಂದೂವರೆ ಕಿಲೋ ದಾಟುತ್ತದೆ, ಗೊತ್ತಿರಲಿ. ಇನ್ನೊಂದು ಸಣ್ಣ ವಿಷಯ: ಟ್ಯಾಮ್ರಾನ್ ಜೂಮ್ ರಿಂಗ್ ನಿಕಾನ್ ಲೆನ್ಸಿನ ಹಾಗೆ ತಿರುಗುತ್ತದೆ. ಕ್ಯಾನನ್‌ನಿಂದ ಬಂದವರ ಕೈ ಕೆಲವು ದಿನ ತಪ್ಪು ದಿಕ್ಕಿಗೆ ಹೋಗುತ್ತದೆ.

ಈ ಜಾತಿಯ ಲೆನ್ಸ್‌ನಿಂದ ಏನನ್ನು ನಿರೀಕ್ಷಿಸಬಾರದು ಅನ್ನುವುದೂ ತಿಳಿದಿರಲಿ. 18ರಲ್ಲಿ ನೇರ ಗೆರೆಗಳು ಹೊರಗೆ ಉಬ್ಬುತ್ತವೆ, ಸ್ವಲ್ಪ ಜೂಮ್ ಮಾಡಿದರೆ ಒಳಗೆ ಬಾಗುತ್ತವೆ. ಇದನ್ನು ಎಡಿಟಿಂಗ್‌ನಲ್ಲಿ ಲೆನ್ಸ್ ಪ್ರೊಫೈಲ್ ಹಾಕಿ ಸರಿಮಾಡಬಹುದು. ದೂರದ ತುದಿಯಲ್ಲಿ ಪೂರ್ತಿ ತೆರೆದ ಅಪರ್ಚರ್‌ನಲ್ಲಿ ಚಿತ್ರ ಮೆತ್ತಗಿರುತ್ತದೆ. ಕಿಂಡಿಯನ್ನು ಎಫ್/8ಕ್ಕೆ ಕಿರಿದು ಮಾಡಿದರೆ ಗಟ್ಟಿಯಾಗುತ್ತದೆ. 11 ದಾಟಿದರೆ ಡಿಫ್ರಾಕ್ಷನ್‌ನಿಂದ, ಅಂದರೆ ಚಿಕ್ಕ ಕಿಂಡಿಯಲ್ಲಿ ಬೆಳಕು ಹರಡಿಕೊಳ್ಳುವುದರಿಂದ ಮತ್ತೆ ಮಂಕಾಗುತ್ತದೆ. ಮತ್ತೊಂದು, ಹತ್ತಿರದ ವಸ್ತುವಿಗೆ ಫೋಕಸ್ ಮಾಡಿದಾಗ ಇವುಗಳ 300 ನಿಜವಾದ 300 ಆಗಿ ಉಳಿಯುವುದಿಲ್ಲ, ಕಮ್ಮಿಯಾಗುತ್ತದೆ. ದೂರದ ಬೆಟ್ಟಕ್ಕೆ ಸಿಕ್ಕ ಜೂಮ್ ಎದುರಿನ ಚಿಟ್ಟೆಗೆ ಸಿಗಲಿಲ್ಲ ಅಂತ ಲೆನ್ಸ್ ಕೆಟ್ಟಿದೆ ಅಂದುಕೊಳ್ಳಬೇಡಿ.

ಕಂಪನಿಗಳು ಒಳಗೆ ಕನ್ನಡಿ ಇಲ್ಲದ ಮಿರರ್‌ಲೆಸ್ ಕ್ಯಾಮೆರಾಗಳ ಕಡೆ ಹೊರಳಿರುವುದರಿಂದ ಕನ್ನಡಿ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳ ಲೆನ್ಸ್‌ಗಳು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಧಾರಾಳ. ಕೊಳ್ಳುವ ಮೊದಲು ಕೈಯಲ್ಲಿ ಹಿಡಿದು ನೋಡಿ. ಕ್ಯಾಮೆರಾವನ್ನು ನೆಲದ ಕಡೆ ಮುಖ ಮಾಡಿ ಹಿಡಿಯಿರಿ. ಲೆನ್ಸ್ ತಾನಾಗಿ ಉದ್ದಕ್ಕೆ ಜಾರುತ್ತದಾ? ಸ್ವಲ್ಪ ಜಾರಿದರೆ ಪರವಾಗಿಲ್ಲ. ಅದಕ್ಕೇ ಹೆಚ್ಚಿನವುಗಳಲ್ಲಿ ಲಾಕ್ ಇರುತ್ತದೆ, ಅದು ಗಟ್ಟಿಯಾಗಿದೆಯಾ ನೋಡಿ. ಜೂಮ್ ರಿಂಗ್ ನಡುವೆ ಎಲ್ಲಾದರೂ ಕಚ್ಚಿದರೆ ಬಿಟ್ಟುಬಿಡಿ. ಟಾರ್ಚ್ ಹಾಕಿ ಗಾಜಿನೊಳಗೆ ನೋಡಿ. ಈ ಲೆನ್ಸ್‌ಗಳು ಉದ್ದವಾಗಿ ಗಿಡ್ಡವಾಗಿ ಪಂಪಿನಂತೆ ಗಾಳಿ ಎಳೆಯುವುದರಿಂದ ನಾಲ್ಕು ಕಣ ಧೂಳು ಇದ್ದೇ ಇರುತ್ತದೆ, ಫೋಟೋದಲ್ಲಿ ಕಾಣುವುದಿಲ್ಲ. ಬಲೆಯಂತೆ ಹರಡಿದ ಬಿಳಿ ಎಳೆ ಕಂಡರೆ ಅದು ಫಂಗಸ್. ಬೇಡ.

ಕೊನೆಗೆ ಒಂದು ಇಟ್ಟಿಗೆ ಗೋಡೆಗೆ ನೇರವಾಗಿ ನಿಂತು, ಎಫ್/8ರಲ್ಲಿ, ಅಗಲ, ನಡು, ದೂರ ಮೂರರಲ್ಲೂ ಫೋಟೋ ತೆಗೆಯಿರಿ. ನಾಲ್ಕು ಮೂಲೆಗಳನ್ನೂ ಪೂರ್ತಿ ದೊಡ್ಡದು ಮಾಡಿ ನೋಡಿ. ನಾಲ್ಕೂ ಒಂದೇ ತರ ಮೆತ್ತಗಿದ್ದರೆ ಅದು ಲೆನ್ಸಿನ ಸ್ವಭಾವ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಒಳಗಿನ ಗಾಜು ಜಾಗ ಬಿಟ್ಟಿರುವ ಸಾಧ್ಯತೆ ಹೆಚ್ಚು. ಲೆನ್ಸ್ ಎಲ್ಲೋ ಬಿದ್ದಿರಬಹುದು. ಸುಮ್ನೆ ವಾಪಸ್ ಕೊಡಿ.

ಹಾ, ಲೆನ್ಸಿನ ಮುಂದೆ ಹಾಕುವ ಹುಡ್ ಇದೆಯಾ ಕೇಳಿ ತೆಗೆದುಕೊಳ್ಳಿ. ಆದರೆ ಕ್ಯಾಮೆರಾದ ಪಾಪ್-ಅಪ್ ಫ್ಲ್ಯಾಶ್ ಬಳಸುವಾಗ ಅದನ್ನು ಬಿಚ್ಚಿ ಇಡಿ. ಇಲ್ಲದಿದ್ದರೆ ಅಗಲದ ಫೋಟೋಗಳ ಕೆಳಗೆ ಅರ್ಧಚಂದ್ರದ ನೆರಳು ಬೀಳುತ್ತದೆ.