ಅಮೆರಿಕದ ಕ್ಷೇತ್ರವೊಂದರ ಬಾಜಿ ದರ ಓದುವುದು ಹೇಗೆ?

ಅಮೆರಿಕದ ಚುನಾವಣೆ ಹತ್ತಿರ ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ, ಫಲಿತಾಂಶದ ಮೇಲೆ ದುಡ್ಡು ಕಟ್ಟುವ ತಾಣಗಳಾದ ಕಾಲ್ಶಿ, ಪಾಲಿಮಾರ್ಕೆಟ್‌ಗಳ ಸ್ಕ್ರೀನ್‌ಶಾಟ್ ಓಡಾಡಲು ಶುರು. 62 ಸೆಂಟ್ ಎಂದಿದ್ದರೆ ‘ಶೇ 62 ಮತ ಬರುತ್ತೆ’ ಎಂದು ಓದಿಕೊಳ್ಳುವವರೇ ಜಾಸ್ತಿ. ಅದು ಮತದ ಪಾಲು ಅಲ್ಲವೇ ಅಲ್ಲ. ಅಭ್ಯರ್ಥಿ ಗೆದ್ದರೆ ಒಂದು ಡಾಲರ್, ಸೋತರೆ ಸೊನ್ನೆ ಕೊಡುವ ಚೀಟಿಯ ಬೆಲೆ ಅದು. ಗೆಲ್ಲುವ ಸಾಧ್ಯತೆ ಸುಮಾರು ಶೇ 62 ಎಂದು ದುಡ್ಡು ಹಾಕಿದವರು ನಂಬಿದ್ದಾರೆ, ಅಷ್ಟೇ.

ಮೊದಲು ಬಾಜಿ ಯಾವ ಪ್ರಶ್ನೆಯ ಮೇಲೆ ಎಂದು ನೋಡಿ. ಪ್ರತಿನಿಧಿ ಸಭೆಯ 435 ಕ್ಷೇತ್ರಗಳಲ್ಲಿ ಬಹುಪಾಲು ಯಾವುದೋ ಒಂದು ಪಕ್ಷದ ಕೋಟೆ. ಡೆಟ್ರಾಯಿಟ್ ಕಡೆಯ ಮಿಷಿಗನ್ 13ನೇ ಕ್ಷೇತ್ರವನ್ನೇ ತೆಗೆದುಕೊಳ್ಳಿ. ಚಿಕ್ಕೋಡಿಯಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ 2022ರಲ್ಲಿ ಗೆದ್ದದ್ದು ಅಲ್ಲಿಂದಲೇ. ಅದು ಡೆಮಾಕ್ರಟರ ಭದ್ರಕೋಟೆ, ಹಾಗಾಗಿ ನಿಜವಾದ ಪೈಪೋಟಿ ನಡೆಯುವುದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಆಗಸ್ಟ್‌ನ ಪ್ರೈಮರಿಯಲ್ಲಿ. 2022ರ ಪ್ರೈಮರಿಯಲ್ಲಿ ಮತ ಎಷ್ಟು ಹಂಚಿಹೋಯಿತೆಂದರೆ ಅವರು ಶೇ 28ರಷ್ಟು ಮತಕ್ಕೇ ಗೆದ್ದರು. ಇಂಥ ಕಡೆ ‘ಯಾವ ಪಕ್ಷ ಗೆಲ್ಲುತ್ತದೆ’ ಎಂಬ ಮಾರ್ಕೆಟ್‌ನಲ್ಲಿ 97 ಸೆಂಟ್ ಇದ್ದರೆ ಅದು ಪಕ್ಷದ ದರ, ಅಭ್ಯರ್ಥಿಯದಲ್ಲ.

ಈಗ ಎಲ್ಲರೂ ಎಡವುವ ಜಾಗ. ದೊಡ್ಡಕ್ಷರದಲ್ಲಿ ಕಾಣುವ ಶೇಕಡಾವಾರು ಬಿಟ್ಟು ಆರ್ಡರ್ ಬುಕ್ ತೆರೆಯಿರಿ. ಅಲ್ಲಿ ಎರಡು ಬೆಲೆ ಇರುತ್ತವೆ: ಕೊಳ್ಳುವವರು ಕೊಡಲು ಸಿದ್ಧವಿರುವ ಬಿಡ್, ಮಾರುವವರು ಕೇಳುವ ಆಸ್ಕ್. ಅಧ್ಯಕ್ಷ ಚುನಾವಣೆಯಲ್ಲಿ ಇವೆರಡರ ನಡುವೆ ಅಂತರ ಇಲ್ಲವೆನ್ನುವಷ್ಟು ಕಡಿಮೆ. ಒಂದು ಸಣ್ಣ ಕ್ಷೇತ್ರದಲ್ಲಿ ಬಿಡ್ 55, ಆಸ್ಕ್ 66 ಇರಬಹುದು, ಮೇಲೆ ಮಾತ್ರ 68 ಎಂದು ಹೊಳೆಯುತ್ತಿರಬಹುದು. ಆ 68 ಎಲ್ಲಿಂದ ಬಂತು? ಪಾಲಿಮಾರ್ಕೆಟ್ ಸಾಮಾನ್ಯವಾಗಿ ಬಿಡ್-ಆಸ್ಕ್‌ಗಳ ನಡುವಿನ ಬೆಲೆ ತೋರಿಸುತ್ತದೆ, ಆದರೆ ಅಂತರ 10 ಸೆಂಟ್ ಮೀರಿದರೆ ಕೊನೆಯ ವಹಿವಾಟಿನ ಬೆಲೆ ತೋರಿಸುತ್ತದೆ, ಆ ವಹಿವಾಟು ಮೊನ್ನೆ ಯಾರೋ ಒಬ್ಬರು ಹತ್ತು ಡಾಲರ್‌ಗೆ ಮಾಡಿದ್ದೂ ಇರಬಹುದು. ಊರಲ್ಲಿ ಒಂದೇ ಒಂದು ಸೈಟ್ ಮಾರಾಟವಾದ ದರ ಹಿಡಿದು ಇಡೀ ಊರಿನ ಜಮೀನಿಗೆ ಬೆಲೆ ಕಟ್ಟಿದ ಹಾಗೆ ಇದು. ನೀವು 55 ಮತ್ತು 66ರ ನಡುವಿನ 60 ಚಿಲ್ಲರೆಯನ್ನು ಹಿಡಿಯಿರಿ, ಜೊತೆಗೆ ‘55ರಿಂದ 66ರೊಳಗೆ’ ಎಂದೇ ಹೇಳಿ. ಪ್ರತಿ ಬೆಲೆಯ ಪಕ್ಕ ಎಷ್ಟು ಚೀಟಿ ಇವೆ ಎಂದೂ ನೋಡಿ. ಕೆಲವೇ ನೂರು ಡಾಲರ್‌ಗೆ ದರ ಐದಾರು ಸೆಂಟ್ ಜಿಗಿಯುವಂತಿದ್ದರೆ ಆ ದರವನ್ನು ಸುದ್ದಿ ಎಂದು ಹಂಚಲೇಬೇಡಿ. ಒಟ್ಟು ವಹಿವಾಟು ಲಕ್ಷ ಡಾಲರ್ ದಾಟಿದೆ ಎಂಬುದು ಇದಕ್ಕೆ ಉತ್ತರವಲ್ಲ, ಅದು ಇಲ್ಲಿಯವರೆಗೆ ಆಗಿಹೋದ ಲೆಕ್ಕ. ಬರೀ ಗ್ರಾಫ್ ತೋರಿಸಿ ಬಿಡ್-ಆಸ್ಕ್ ಮುಚ್ಚಿಡುವ ಆ್ಯಪ್‌ಗಳನ್ನು ಇದೇ ಕಾರಣಕ್ಕೆ ನಾನು ಬಳಸುವುದಿಲ್ಲ, ನೀವೂ ಬಳಸಬೇಡಿ.

ಅಭ್ಯರ್ಥಿಗಳು ಹಲವರಿದ್ದರೆ ಎಲ್ಲರ ದರ ಕೂಡಿ. ಒಟ್ಟು 100 ಆಗಬೇಕು, 108 ಬಂದರೆ ಪ್ರತಿಯೊಂದನ್ನೂ 108ರಿಂದ ಭಾಗಿಸಿ. 62 ಇದ್ದದ್ದು ಶೇ 57ಕ್ಕೆ ಇಳಿಯುತ್ತದೆ. ಎರಡು-ಮೂರು ಸೆಂಟಿನವರನ್ನು ಲೆಕ್ಕಕ್ಕೇ ಹಿಡಿಯಬೇಡಿ. ಆ ಮೂರು ಸೆಂಟಿನ ಲಾಭಕ್ಕಾಗಿ ತಿಂಗಳುಗಟ್ಟಲೆ ದುಡ್ಡು ಕಟ್ಟಿಹಾಕಿ ದರ ಸರಿಮಾಡುವವರು ಕಡಿಮೆ.

ಇಷ್ಟೆಲ್ಲ ಓದುವುದಕ್ಕೆ ಮಾತ್ರ. ಭಾರತದಲ್ಲಿ ಕೂತು ಹಣ ಕಟ್ಟಲು ಹೋಗಬೇಡಿ. 2025ರ ಆನ್‌ಲೈನ್ ಗೇಮಿಂಗ್ ಕಾಯ್ದೆ ದುಡ್ಡು ಪಣಕ್ಕಿಡುವ ಆಟಗಳನ್ನು ನಿಷೇಧಿಸಿದೆ. ವಿಪಿಎನ್ ಹಾಕಿಕೊಂಡರೆ ಆಯ್ತು ಎನ್ನುವವರ ಮಾತು ಕೇಳಬೇಡಿ.

ಇನ್ನು ಎಣಿಕೆಯ ದಿನಗಳು. ಕ್ಯಾಲಿಫೋರ್ನಿಯಾದಲ್ಲಿ ಚುನಾವಣೆ ದಿನದೊಳಗೆ ಅಂಚೆಗೆ ಹಾಕಿದ ಮತಪತ್ರ ಏಳು ದಿನದೊಳಗೆ ತಲುಪಿದರೂ ಎಣಿಸುತ್ತಾರೆ. 2024ರ ನವೆಂಬರ್ 5ರ ರಾತ್ರಿ ಅಲ್ಲಿನ 13ನೇ ಕ್ಷೇತ್ರದಲ್ಲಿ ರಿಪಬ್ಲಿಕನ್ ಪಕ್ಷದ ಜಾನ್ ಡುವಾರ್ಟೆ ಮುಂದಿದ್ದರು. ಕೊನೆಗೆ ಡೆಮಾಕ್ರಟಿಕ್ ಪಕ್ಷದ ಆ್ಯಡಮ್ ಗ್ರೇ 187 ಮತಗಳಿಂದ ಗೆದ್ದರು, ಅದು ಖಚಿತವಾದದ್ದು ಡಿಸೆಂಬರ್‌ನಲ್ಲಿ. ಇಂಥ ಕ್ಷೇತ್ರದ ಮತಎಣಿಕೆ ರಾತ್ರಿ ದರ 90ಕ್ಕೆ ಹಾರಿದರೆ, ಇನ್ನೂ ಎಷ್ಟು ಮತಪತ್ರ ಬಾಕಿ ಇವೆ, ಯಾವ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಎಂದು ಕೌಂಟಿ ಚುನಾವಣಾ ಕಚೇರಿಯ ಪುಟದಲ್ಲಿ ನೋಡಿ, ಆಮೇಲೆ ಗುಂಪಿಗೆ ಹಾಕಿ.