ಗಾಳ ಮೂಲೆ ಸೇರಿದ ತಿಂಗಳುಗಳು

ಕಳೆದ ಹಂಗಾಮಿನ ಕೊನೆಯ ವಾರ ಒಂದು ಮೀನು ನನ್ನ ದಾರ ಹರಿದುಕೊಂಡು ಹೋಯಿತು. ಎಷ್ಟು ದೊಡ್ಡದಿತ್ತು ಎಂದು ಕೇಳಬೇಡಿ. ತಪ್ಪಿಸಿಕೊಂಡ ಮೀನು ಪ್ರತಿ ಸಲ ಹೇಳುವಾಗಲೂ ಒಂದು ಗೇಣು ಬೆಳೆಯುತ್ತದೆ, ನನ್ನದಂತೂ ಈಗಾಗಲೇ ಸಾಕಷ್ಟು ಬೆಳೆದಿದೆ. ಉಳಿದ ದಾರ ಸುತ್ತಿಕೊಂಡು ತುದಿ ನೋಡಿದೆ. ಗಂಟು ಜಾರಿದ್ದರೆ ದಾರದ ತುದಿ ಬಳ್ಳಿಯ ಕುಡಿಯ ಹಾಗೆ ಸುರುಳಿಯಾಗಿರುತ್ತದೆ. ಇದು ಹಾಗಿರಲಿಲ್ಲ. ಗಂಟು ಇದ್ದ ಜಾಗಕ್ಕಿಂತ ಎಷ್ಟೋ ಮೇಲೆ, ಮೊಂಡು ಬ್ಲೇಡಿನಿಂದ ಯಾರೋ ಕೆರೆದ ಹಾಗೆ ಒರಟಾಗಿ ಹರಿದಿತ್ತು. ದಾರ ತಯಾರಿಸಿದವರಿಗೆ ಬಾಯ್ತುಂಬ ಬೈದು ಮನೆಗೆ ಬಂದೆ. ವಾರ ಕಳೆಯುವುದರೊಳಗೆ ಹಂಗಾಮು ಮುಗಿಯಿತು. ಆ ಮೀನು ಯಾಕೆ ಹೋಯಿತು ಅನ್ನುವುದು ಗೊತ್ತಾಗಿದ್ದು ನಡುಚಳಿಗಾಲದಲ್ಲಿ, ಒಂದು ಚೂರು ಹತ್ತಿಯಿಂದ.

ಅದಕ್ಕೆ ಮುಂಚೆ, ನಾನು ಚಳಿಗಾಲವನ್ನು ಹೇಗೆ ಹಾಳು ಮಾಡಿಕೊಳ್ಳುತ್ತಿದ್ದೆ ಅನ್ನುವುದನ್ನು ಹೇಳಿಬಿಡುತ್ತೇನೆ. ಮೊದಲ ಎರಡು ಮೂರು ವರ್ಷ ಮಾಡಿದ್ದು ಇಷ್ಟೇ: ಬೇರೆಯವರು ಮೀನು ಹಿಡಿಯುವ ವಿಡಿಯೊ ನೋಡುವುದು, ಹೊಟ್ಟೆ ಉರಿದುಕೊಳ್ಳುವುದು, ಆ ಉರಿಯಲ್ಲೇ ಬೇಡದ ಹುಸಿ ಎರೆಗಳನ್ನು, ಅಂದರೆ ಲ್ಯೂರ್‌ಗಳನ್ನು ತರಿಸುವುದು. ಕಡೆಯ ದಿನದ ಕೆಸರು ಮೆತ್ತಿದ್ದ ರಾಡ್‌ಗಳು ಗೋಡೆಗೆ ಒರಗಿ ನಾಲ್ಕು ತಿಂಗಳು ನಿಂತೇ ಇರುತ್ತಿದ್ದವು. ದಾರ ಸುತ್ತುವ ರೀಲಿನಲ್ಲಿ ಡ್ರ್ಯಾಗ್ ಎಂಬ ತಿರುಪು ಇರುತ್ತದೆ, ಮೀನು ಜೋರಾಗಿ ಎಳೆದಾಗ ದಾರವನ್ನು ಅಳೆದು ಬಿಡುವುದು ಅದರ ಕೆಲಸ. ಅದನ್ನು ಬಿಗಿಯಾಗಿ ತಿರುಗಿಸಿದ್ದು ಹಾಗೇ. ಹೊಸ ಹಂಗಾಮಿನ ಮೊದಲ ದಿನ ಮೊದಲ ಮೀನು ಕಚ್ಚಿ ಓಡಿತು, ಡ್ರ್ಯಾಗ್ ಒಂದಿಂಚೂ ಬಿಡಲಿಲ್ಲ, ದಾರ ಪಟ್ಟನೆ ಹೋಯಿತು. ದಾರದ ಉರುಳೆಯ, ಅಂದರೆ ಸ್ಪೂಲಿನ, ಒಳಗಿನ ಫೆಲ್ಟ್ ಬಿಲ್ಲೆಗಳು ತಿಂಗಳುಗಟ್ಟಲೆ ಅದುಮಿಸಿಕೊಂಡು ಲೋಹಕ್ಕೇ ಅಂಟಿಕೊಂಡುಬಿಟ್ಟಿದ್ದವು. ಈಗ ಹಂಗಾಮು ಮುಗಿದ ಸಂಜೆ, ಬಟ್ಟೆ ಬದಲಿಸುವುದಕ್ಕೂ ಮುಂಚೆ ಮಾಡುವ ಕೆಲಸ ಡ್ರ್ಯಾಗ್ ಸಡಿಲಿಸುವುದು. ರಾಡ್‌ಗಳನ್ನು ಒರೆಸಿ, ಬಾಗದ ಹಾಗೆ ಮಲಗಿಸಿಡುತ್ತೇನೆ.

ಗಾಳದ ಹುಚ್ಚಿರುವವನಿಗೆ ಚಳಿಗಾಲದಲ್ಲಿ ಕಷ್ಟವಾಗುವುದು ಬಿಡುವು ಸಿಕ್ಕಿದ್ದಲ್ಲ, ಅಭ್ಯಾಸ ಬಿಡದಿರುವುದು. ಅಲಾರಂ ಇಲ್ಲದೆ ನಾಲ್ಕೂವರೆಗೆ ಎಚ್ಚರವಾಗುತ್ತದೆ. ಹೊರಗೆ ಕತ್ತಲು, ಕೆರೆಯ ಅಂಚಿಗೆ ಮಂಜು ಕಟ್ಟಿರುತ್ತದೆ. ಹೋಗಿ ಮಾಡುವುದೇನು? ಮೀನಿನ ಮೈಬಿಸಿ ಸುತ್ತಲಿನ ನೀರಿನದ್ದೇ. ನೀರು ತಣ್ಣಗಾದಷ್ಟೂ ಅದರ ದೇಹದ ಕೆಲಸ ನಿಧಾನವಾಗುತ್ತದೆ, ಹಸಿವು ಸತ್ತುಹೋಗುತ್ತದೆ. ಕಾರ್ಪ್‌ನಂಥವು ತಿನ್ನುವುದನ್ನೇ ಹೆಚ್ಚುಕಡಿಮೆ ನಿಲ್ಲಿಸುತ್ತವೆ. ನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಹಾಗಾಗಿ ಮೇಲೆ ಹೆಪ್ಪುಗಟ್ಟಿದ ಕೆರೆಯ ತಳದಲ್ಲಿ ಸುಮಾರು 4 ಡಿಗ್ರಿಯ ನೀರು ಉಳಿದಿರುತ್ತದೆ, ಮೀನು ಅಲ್ಲಿಗಿಳಿದು ಸುಮ್ಮನಿದ್ದುಬಿಡುತ್ತದೆ. ಇದು ತಲೆಗೆ ಹೋದ ಮೇಲೆ ನನ್ನ ಅರ್ಧ ಚಡಪಡಿಕೆ ಇಳಿಯಿತು.

ಇನ್ನರ್ಧ ಇಳಿದಿದ್ದು ಗೋಡೆಯ ಕ್ಯಾಲೆಂಡರಿನಿಂದ. ಬ್ರೌನ್ ಟ್ರೌಟ್ ಎಂಬ ತಣ್ಣೀರಿನ ಮೀನು ಮೊಟ್ಟೆಯಿಡುವುದು ಚಳಿಗಾಲದ ಬಾಗಿಲಲ್ಲಿ, ಹರಿಯುವ ತೊರೆಯ ಜಲ್ಲಿಯೊಳಗೆ. ಹೆಣ್ಣು ಮೀನು ಬಾಲದಿಂದ ಜಲ್ಲಿ ಕೆದರಿ ಗುಂಡಿ ಮಾಡಿ, ಮೊಟ್ಟೆಯಿಟ್ಟು ಮತ್ತೆ ಮುಚ್ಚುತ್ತದೆ. ಮರಿಯಾಗಲು ಎಷ್ಟು ದಿನ ಬೇಕು ಅನ್ನುವುದು ನೀರಿನ ಉಷ್ಣತೆಗೆ ಬಿಟ್ಟಿದ್ದು. ದಿನದಿನದ ಡಿಗ್ರಿಗಳನ್ನು ಕೂಡಿಸುತ್ತ ಹೋದರೆ ಮೊತ್ತ ಸುಮಾರು 400 ದಾಟುವ ಹೊತ್ತಿಗೆ ಮೊಟ್ಟೆ ಒಡೆಯುತ್ತದೆ. ನೀರು 10 ಡಿಗ್ರಿ ಇದ್ದರೆ 40 ದಿನದ ಆಸುಪಾಸು, 5 ಡಿಗ್ರಿ ಇದ್ದರೆ ಅದರ ಎರಡರಷ್ಟು. ನಾನು ಒಂದು ಥರ್ಮಾಮೀಟರಿಗೆ ದಾರ ಕಟ್ಟಿಕೊಂಡು ವಾರಕ್ಕೆರಡು ಬಾರಿ ತೊರೆಗೆ ಹೋಗಿ ನೀರು ಅಳೆದು ಕ್ಯಾಲೆಂಡರಿನಲ್ಲಿ ಗೀಚುತ್ತೇನೆ. ಕೈಯಲ್ಲಿ ಮತ್ತೆ ದಾರ, ಅದರ ತುದಿ ನೀರಿನಲ್ಲಿ. ಹುಚ್ಚರ ಲೆಕ್ಕ ಅಂತ ಮನೆಯಲ್ಲಿ ನಗುತ್ತಾರೆ, ನಗಲಿ. ಜಲ್ಲಿಯಡಿ ಏನೋ ನಡೆಯುತ್ತಿದೆ ಎಂದು ಗೊತ್ತಿದ್ದರೆ ಕಾಯುವುದು ಸುಲಭ. ಒಂದೇ ಎಚ್ಚರಿಕೆ: ತಳದ ಜಲ್ಲಿಯಲ್ಲಿ ಸುತ್ತಲಿನ ಪಾಚಿ ಬಣ್ಣಕ್ಕಿಂತ ತೊಳೆದ ಹಾಗೆ ಬೆಳ್ಳಗೆ ಕಾಣುವ ತೇಪೆ ಇದ್ದರೆ ಅದರ ಮೇಲೆ ಕಾಲಿಡಬೇಡಿ. ಮುಂದಿನ ವರ್ಷಗಳ ಮೀನು ಅಲ್ಲಿದೆ.

ಇನ್ನು ರೀಲು. ಮೊದಲ ಬಾರಿ ಬಿಚ್ಚಿದಾಗ ಹೆಂಡತಿ ಎರಡು ಸಲ ಬಂದು ನೋಡಿ ಹೋದಳು. ಮೂರನೇ ಸಲ, "ರೀ, ಇದನ್ನ ಮೇಜಿನಿಂದ ನೀವೇ ಎತ್ತುತ್ತೀರೋ, ನಾನು ಒಂದೇ ಸಲ ಗುಡಿಸಿಬಿಡಲೋ?" ಅಂದಳು. ಗಾಬರಿಯಲ್ಲಿ ದಾರವನ್ನು ಸ್ಪೂಲಿಗೆ ಸುತ್ತಿಸುವ ಬೇಲ್ ಕಂಬಿಯ ಸ್ಪ್ರಿಂಗ್ ಕೈತಪ್ಪಿ ಹಾರಿತು. ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದು ಅಷ್ಟೇ, ಸಿಕ್ಕಿದ್ದು ಮೂರು ದಿನದ ಮೇಲೆ ನನ್ನ ಕಾಲುಚೀಲದಲ್ಲಿ. ಈಗ ಕಲಿತಿದ್ದೇನೆ. ತಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ, ಒಂದೊಂದು ಭಾಗ ಬಿಚ್ಚಿದಾಗಲೂ ಫೋಟೊ ತೆಗೆದು, ಬಿಚ್ಚಿದ ಕ್ರಮದಲ್ಲೇ ಎಡದಿಂದ ಬಲಕ್ಕೆ ಜೋಡಿಸುತ್ತೇನೆ. ಜೋಡಿಸುವಾಗ ಬಲದಿಂದ ಎಡಕ್ಕೆ ಬಂದರಾಯಿತು. ಹಲ್ಲುಚಕ್ರಕ್ಕೆ ಗ್ರೀಸ್, ಬೇರಿಂಗಿಗೆ ತೆಳು ಎಣ್ಣೆ, ಎರಡೂ ಬೇಕಾದ್ದಕ್ಕಿಂತ ಕಡಿಮೆ. ಹಿಡಿಕೆ ಹಿಂದಕ್ಕೆ ತಿರುಗದ ಹಾಗೆ ತಡೆಯುವ ಪುಟ್ಟ ರೋಲರ್ ಗುಂಪೊಂದು ಇರುತ್ತದಲ್ಲ, ಅದಕ್ಕೆ ಮಾತ್ರ ಗ್ರೀಸ್ ಸೋಕಿಸಬಾರದು. ಒಮ್ಮೆ ಧಾರಾಳವಾಗಿ ಸವರಿಬಿಟ್ಟೆ. ರೋಲರ್‌ಗಳು ಜಾರತೊಡಗಿ ಹಿಡಿಕೆ ಎರಡೂ ಕಡೆ ಗಿರಗಿರ ತಿರುಗುವುದಕ್ಕೆ ಶುರುವಾಯಿತು, ಪೂರ್ತಿ ತೊಳೆದು ಮತ್ತೆ ಕೂರಿಸಬೇಕಾಯಿತು.

ಈ ಎಲ್ಲಕ್ಕಿಂತ ನನಗೆ ಪಾಠವಾದದ್ದು ಹತ್ತಿ. ರಾಡಿನುದ್ದಕ್ಕೂ ದಾರ ಹಾಯುವ ಉಂಗುರಗಳ ಒಳಗೆ ಸೆರಾಮಿಕ್ ಬಳೆ ಕೂಡಿಸಿರುತ್ತಾರೆ, ಗಟ್ಟಿ ಆದರೆ ಪೆಳಸು. ಕಾರಿನ ಬಾಗಿಲಿಗೆ ತಗಲಿದರೆ, ಕಲ್ಲಿನ ಮೇಲೆ ಬಿದ್ದರೆ ಕೂದಲೆಳೆ ಬಿರುಕು ಬಿಡುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಒಂದು ರಾತ್ರಿ ಮಾಡಲು ಬೇರೆ ಕೆಲಸವಿಲ್ಲದೆ ಹತ್ತಿಯ ತುಣುಕನ್ನು ಒಂದೊಂದೇ ಉಂಗುರದೊಳಗೆ ಸುತ್ತಿ ಸುತ್ತಿ ಉಜ್ಜುತ್ತ ಹೋದೆ. ಬುಡದಿಂದ ಎಲ್ಲವೂ ನುಣ್ಣಗಿದ್ದವು. ತುದಿಯುಂಗುರಕ್ಕೆ ಬಂದಾಗ ಹತ್ತಿ ಚೂರು ತಡೆಯಿತು. ತೆಗೆದು ಮತ್ತೆ ಉಜ್ಜಿದೆ, ಅದೇ ಜಾಗ. ದೀಪದ ಕೆಳಗೆ ಹಿಡಿದರೆ ಉಂಗುರದ ಕೆಳಗಡೆ, ಮೀನು ಎಳೆಯುವಾಗ ದಾರ ಒತ್ತಿ ಹಾಯುವ ಸರಿಯಾದ ಜಾಗದಲ್ಲಿ, ಬಿಳಿ ಎಳೆಯೊಂದು ಸಿಕ್ಕಿಕೊಂಡು ನಡುಗುತ್ತಿತ್ತು. ಆ ಬಿರುಕೇ ಇಡೀ ಹಂಗಾಮು ನನ್ನ ದಾರವನ್ನು ಕೆರೆಯುತ್ತಿದ್ದದ್ದು. ನಾನು ಬೈದಿದ್ದು ದಾರಕ್ಕೆ, ರಾಡನ್ನು ಬಂಡೆಯ ಮೇಲೆ ಎಸೆದವನು ನಾನೇ. ಯಾವತ್ತು, ಎಲ್ಲಿ ಎಂಬುದೂ ನೆನಪಾಯಿತು, ಅದನ್ನಿಲ್ಲಿ ಬರೆಯುವುದಿಲ್ಲ.

ತುದಿಯುಂಗುರ ಬದಲಿಸುವುದು ದೊಡ್ಡ ಕೆಲಸವಲ್ಲ. ನನ್ನ ರಾಡಿನದನ್ನು ಬಿಸಿಗೆ ಕರಗುವ ಅಂಟಿನಿಂದ ಕೂರಿಸಿದ್ದರು. ಲೈಟರಿನಿಂದ ಲೋಹದ ಕೊಳವೆಯನ್ನಷ್ಟೇ ಮೆಲ್ಲಗೆ ಕಾಯಿಸಿ ಎಳೆದರೆ ಬಂದುಬಿಟ್ಟಿತು. ಕಾರ್ಬನ್ ಕೋಲಿಗೆ ನೇರ ಬೆಂಕಿ ತಾಗಿದರೆ ರಾಡೇ ಹೋಗುತ್ತದೆ. ಹೊಸದನ್ನು ಕೂರಿಸಿ, ಅಂಟು ಆರುವುದರೊಳಗೆ ಒಂದು ಕಣ್ಣು ಮುಚ್ಚಿ ಎಲ್ಲ ಉಂಗುರಗಳೂ ಒಂದೇ ಸಾಲಿಗೆ ಬರುವಂತೆ ತಿರುಗಿಸಬೇಕು.

ಅದಾದ ಮೇಲೆ ಅನುಮಾನ ಎಲ್ಲದರ ಮೇಲೂ ತಿರುಗಿತು. ಗಾಳದ ಮೊನೆಯನ್ನು ಹೆಬ್ಬೆರಳ ಉಗುರಿನ ಮೇಲೆ ಓರೆಯಾಗಿಟ್ಟು ಮೆಲ್ಲಗೆ ಎಳೆದೆ. ಕಚ್ಚಿ ನಿಂತರೆ ಚೂಪು, ಜಾರಿದರೆ ಮೊಂಡು. ನನ್ನ ಡಬ್ಬಿಯಲ್ಲಿದ್ದ ಬಹುಪಾಲು ಜಾರಿದವು! ಕೆಲವನ್ನು ಅರದಿಂದ ಮಸೆದೆ, ತುಕ್ಕು ಹಿಡಿದವನ್ನು ಎಸೆದೆ. ಮೆತ್ತನೆಯ ರಬ್ಬರ್ ಹುಳುಗಳನ್ನು ಗಟ್ಟಿ ಪ್ಲಾಸ್ಟಿಕ್ ಲ್ಯೂರ್‌ಗಳ ಜೊತೆ ಒಂದೇ ಖಾನೆಯಲ್ಲಿ ಹಾಕಿಟ್ಟಿದ್ದೆ. ಎರಡೂ ಕರಗಿ ಒಂದಕ್ಕೊಂದು ಅಂಟಿ, ನನಗೆ ಬಲು ಮೆಚ್ಚಿನ ಲ್ಯೂರಿನ ಹೊಟ್ಟೆಯ ಮೇಲೆ ನೇರಳೆ ಗೋಂದು ಕೂತಿತ್ತು. ನೀರಿಗಿಳಿಯುವ ರಬ್ಬರ್ ಉಡುಪಿನ ತೂತು ಹುಡುಕಿದ್ದು ನನ್ನ ಮಗಳು. ಕೋಣೆ ಕತ್ತಲು ಮಾಡಿ ಉಡುಪಿನೊಳಗೆ ಟಾರ್ಚ್ ಇಳಿಬಿಟ್ಟೆ. "ಅಪ್ಪಾ, ಮೊಣಕಾಲಲ್ಲೊಂದು ನಕ್ಷತ್ರ" ಅಂತ ಕೂಗಿದಳು.

ಅವಳಿಗೆ ಎಲ್ಲಕ್ಕಿಂತ ಹಿಡಿಸಿದ್ದು ಗಂಟು ಹರಿಯುವ ಆಟ. ಬ್ಯಾಗ್ ತೂಗುವ ಕೈತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ, ಹರಿಯುವವರೆಗೂ ಎಳೆದು ಎಷ್ಟು ಕಿಲೋಗೆ ಹೋಯಿತು ಎಂದು ಬರೆದಿಟ್ಟೆವು. ಕಣ್ಣಿಗೆ ಕನ್ನಡಕ ಹಾಕಿಕೊಂಡೇ ಮಾಡಬೇಕು, ಹರಿದ ದಾರ ಎಗರಿ ಬರುತ್ತದೆ. ಒಣಗಂಟು ಬಿಗಿದದ್ದಕ್ಕಿಂತ ಎಂಜಲಲ್ಲಿ ಒದ್ದೆ ಮಾಡಿ ಬಿಗಿದದ್ದು ಹೆಚ್ಚು ತಾಳಿತು. ಒಣಗಿದ್ದಾಗ ಬಿಗಿದರೆ ಉಜ್ಜಾಟದ ಬಿಸಿಗೇ ನೈಲಾನ್ ಸೊರಗುತ್ತದೆ. ಕ್ಲಿಂಚ್ ಗಂಟಿನ ಮೇಲೆ ಇಷ್ಟು ವರ್ಷ ನಂಬಿಕೆಯಿಟ್ಟಿದ್ದ ನಾನು ಆ ಸಂಜೆ ಪ್ಯಾಲೊಮಾರ್ ಗಂಟಿನ ಪಕ್ಷ ಸೇರಿದೆ. ಹೆಣೆದ ದಾರಕ್ಕಂತೂ ಅದೇ ಸರಿ. ಆಮೇಲೆ ಅದನ್ನು ಕಣ್ಣು ಮುಚ್ಚಿಕೊಂಡು, ತಣ್ಣೀರಲ್ಲಿ ಬೆರಳು ಮರಗಟ್ಟಿಸಿಕೊಂಡು ಹಾಕುವುದನ್ನು ಕಲಿತೆ. ನಸುಕಿನಲ್ಲಿ ಬೆರಳು ಇರುವುದೇ ಹಾಗೆ.

ಹಳೆಯ ನೈಲಾನ್ ದಾರವನ್ನು ಪ್ರತಿ ಚಳಿಗಾಲ ಕಿತ್ತುಹಾಕುತ್ತೇನೆ. ಬಿಸಿಲಿಗೆ ಅದು ದುರ್ಬಲವಾಗುತ್ತದೆ, ಸ್ಪೂಲಿನ ಸುರುಳಿಯನ್ನು ಮೈಗೂಡಿಸಿಕೊಂಡಿರುತ್ತದೆ. ಹೆಣೆದ ದಾರ, ಅಂದರೆ ಬ್ರೇಡ್, ದುಬಾರಿ, ಅದಕ್ಕೆ ಮಾಡುವ ಉಪಾಯ ಬೇರೆ: ಪೂರ್ತಿ ಬಿಚ್ಚಿ ತಲೆಕೆಳಗಾಗಿ ಸುತ್ತುತ್ತೇನೆ. ಸವೆದ ತುದಿ ಒಳಗೆ ಹೋಗಿ ಸ್ಪೂಲಿನ ತಳದಲ್ಲಿದ್ದ ಹೊಸತು ಮೇಲೆ ಬರುತ್ತದೆ.

ಫ್ಲೈ ಕಟ್ಟುವುದಕ್ಕೂ, ಅಂದರೆ ಗಾಳಕ್ಕೆ ಗರಿ ಸುತ್ತಿ ಹುಳುವಿನಂಥ ಹುಸಿ ಎರೆ ಮಾಡುವುದಕ್ಕೂ, ಕೈ ಹಾಕಿದೆ. ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರನಾಗಿದ್ದ ಫ್ರಾಂಕ್ ಸಾಯರ್ ಅವರ ಫೆಸೆಂಟ್ ಟೇಲ್ ನಿಂಫ್‌ಗೆ ಬೇಕಾದ್ದು ಎರಡೇ ವಸ್ತು: ಫೆಸೆಂಟ್ ಹಕ್ಕಿಯ ಬಾಲದ ಗರಿಯ ಎಳೆಗಳು, ತೆಳು ತಾಮ್ರದ ತಂತಿ. ನೂಲೂ ಬೇಡ, ತಂತಿಯೇ ಕಟ್ಟೂ ಹೌದು, ಮುಳುಗಿಸುವ ಭಾರವೂ ಹೌದು. ಎರಡೇ ವಸ್ತು ಅಂದರೆ ಸುಲಭ ಅಂದುಕೊಂಡೆ. ನನ್ನ ಮೊದಲನೆಯದು ಗುಡಿಸಿ ಸವೆದ ಪೊರಕೆಯ ಹಾಗಿತ್ತು. ಇಪ್ಪತ್ತನೆಯದು ಹುಳುವಿನ ಹಾಗೆ ಕಂಡಿತು, ಕನಿಷ್ಠ ನನಗೆ.

ಬೀಸುವ ಅಭ್ಯಾಸಕ್ಕೆ ನೀರು ಬೇಡ. ಗಾಳವಿಲ್ಲದೆ ತೂಕವೊಂದನ್ನೇ ಕಟ್ಟಿ, ಹದಿನೈದು ಹೆಜ್ಜೆ ದೂರದ ಬಕೆಟ್ಟಿಗೆ ದಿನಕ್ಕೆ ಹತ್ತು ನಿಮಿಷ ಎಸೆದರೂ ಕೈ ಮರೆಯುವುದಿಲ್ಲ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ, ಸಪ್ಪೆ ಕೆಲಸ.

ಡೈರಿಯ ವಿಷಯ ಹಾಗಲ್ಲ. ಹೋದ ದಿನ, ಸಮಯ, ನೀರಿನ ಬಣ್ಣ, ಏನು ಕಟ್ಟಿದ್ದೆ, ಏನು ಸಿಕ್ಕಿತು ಎಂದು ನಾಲ್ಕು ಸಾಲು ಬರೆಯುವ ಚಾಳಿ ನನಗಿದೆ, ಓದುವ ಚಾಳಿ ಇರಲಿಲ್ಲ. ಸಂಜೆಯೇ ನನಗೆ ಒಳ್ಳೆಯ ಹೊತ್ತು ಎಂದು ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಕೂತು ಲೆಕ್ಕ ಹಾಕಿದರೆ ಮೀನು ಸಂಜೆ ಹೆಚ್ಚು ಸಿಕ್ಕಿದ್ದು ನಿಜ, ಯಾಕೆಂದರೆ ನಾನು ಹೆಚ್ಚು ಹೋಗಿದ್ದೇ ಸಂಜೆ. ಗಂಟೆಗೆ ಎಷ್ಟು ಎಂದು ಭಾಗಿಸಿದಾಗ ಬೆಳಗಿನದ್ದೇ ಮೇಲುಗೈ. ಇನ್ನೊಂದು ಮಾತು, ಖಾಲಿ ಕೈಯಲ್ಲಿ ಬಂದ ದಿನಗಳಿಗೆ ನಾನು ಒಂದೇ ಸಾಲು ಬರೆದಿದ್ದೆ: "ಏನೂ ಇಲ್ಲ." ಬೇಕಾದ ಮಾಹಿತಿ ಇದ್ದದ್ದು ಆ ದಿನಗಳಲ್ಲಿ. ಈಗ ಖಾಲಿ ದಿನಕ್ಕೇ ಹೆಚ್ಚು ಬರೆಯುತ್ತೇನೆ.

ಹೆಪ್ಪುಗಟ್ಟುವ ಮುಂಚೆ ಕೆರೆಯ ನೀರು ಇಳಿದಿರುವಾಗ ರಾಡಿಲ್ಲದೆ ದಡ ಸುತ್ತುವುದನ್ನೂ ಬಿಡುವುದಿಲ್ಲ. ಬೇಸಿಗೆಯಲ್ಲಿ ಮುಳುಗಿರುವ ಬಂಡೆ, ಬೊಡ್ಡೆ, ಹಳೆಯ ಕಾಲುವೆಯ ಅಂಚು ಎಲ್ಲ ಬೆತ್ತಲೆ ಬಿದ್ದಿರುತ್ತವೆ. ದಡದ ಒಂದು ಮರವನ್ನು ಗುರುತಿಗಿಟ್ಟುಕೊಂಡು ಫೋಟೊ ತೆಗೆಯುತ್ತೇನೆ. ಪ್ರತಿ ವಾರ ಲ್ಯೂರ್ ಸಿಕ್ಕಿಹಾಕಿಕೊಳ್ಳುತ್ತಿದ್ದ ಜಾಗದಲ್ಲಿ ಮರದ ಬೇರು ಒಂದು ನೆಲದಿಂದ ಕೈ ಎತ್ತಿದ ಹಾಗೆ ನಿಂತಿತ್ತು. ಅದರ ಮೇಲೆ ಮೂರು ಲ್ಯೂರ್, ಎರಡು ನನ್ನವು. ಮೂರನೆಯದು ನನ್ನ ಜೊತೆಗಾರನದು. ಅವನಿಗೆ ಫೋನ್ ಮಾಡಿದೆ. "ಏನೋ, ಬದುಕಿದ್ದೀಯಾ? ಎಷ್ಟು ದಿನ ಆಯ್ತೋ ಮಾತಾಡಿ" ಅಂದ. ಎಂಟು ವಾರವಾಗಿತ್ತು. ಹಂಗಾಮಿನಲ್ಲಿ ದಿನಾ ಮಾತಾಡುವ ನಾವು, ಮೀನಿಲ್ಲದೆ ಮಾತೂ ಇಲ್ಲದವರಾಗಿದ್ದೆವು. ಅವತ್ತಿನಿಂದ ವಾರಕ್ಕೊಮ್ಮೆ ಇಬ್ಬರೂ ಸೇರಿ ಆ ದಡ ನಡೆಯುತ್ತೇವೆ. ಚಳಿಗಾಲ ಕಳೆಯಲು ನನಗೆ ರೀಲಿಗಿಂತ, ಡೈರಿಗಿಂತ ಹೆಚ್ಚು ನೆರವಾದದ್ದು ಇದೇ.

ತಡೆಯಲಾರದವರು ಹೆಪ್ಪಿನ ಮೇಲೆಯೇ ಹೋಗಿ ತೂತು ಕೊರೆದು ಗಾಳ ಇಳಿಬಿಡುತ್ತಾರೆ. ಒಮ್ಮೆ ಹೋಗಿದ್ದೆ. ನಡೆದು ಹೋಗಲು ತಿಳಿಯಾದ ಗಟ್ಟಿ ಹೆಪ್ಪು ಕನಿಷ್ಠ 10 ಸೆಂಟಿಮೀಟರ್ ದಪ್ಪ ಇರಬೇಕು ಎನ್ನುತ್ತಾರೆ. ಹಿಮ ಬೆರೆತು ಬೆಳ್ಳಗಾದದ್ದಕ್ಕೆ ಅದರ ಅರ್ಧದಷ್ಟೇ ಶಕ್ತಿ. ನಾವು ಹತ್ತು ಹೆಜ್ಜೆಗೊಮ್ಮೆ ಕೊರೆದು ಅಳೆಯುತ್ತಲೇ ಹೋದೆವು. ದಪ್ಪವಿತ್ತು, ಮೀನೂ ಸಿಕ್ಕಿತು, ಆದರೆ ಕಾಲಡಿಯಿಂದ ಬರುವ ಆ ಗುಂಯ್ ಅನ್ನುವ ಸದ್ದು ನನಗೆ ಆಗಿಬರಲಿಲ್ಲ.

ನಿನ್ನೆ ತೊರೆಯ ನೀರು 7 ಡಿಗ್ರಿ ತೋರಿಸಿತು. ಕ್ಯಾಲೆಂಡರಿನ ಮೊತ್ತ 400 ದಾಟಿ ವಾರವಾಗಿದೆ. ರಾತ್ರಿ ಎಲ್ಲರೂ ಮಲಗಿದ ಮೇಲೆ ರಾಡ್ ತೆಗೆದು, ತುದಿಯುಂಗುರದೊಳಗೆ ಇನ್ನೊಮ್ಮೆ ಹತ್ತಿ ಉಜ್ಜಿದೆ. ಎಲ್ಲೂ ತಡೆಯಲಿಲ್ಲ.